ಐದು ತೂತಿನ ಅಂಗಿ

ನಾನು ಹರಿದ ಪ್ಯಾಂಟು ಮಾರಿ ಹೊಟ್ಟೆ ಹೊರೆಯುವವನು. ಮಾಲ್‌ನ ಎರಡನೇ ಮಹಡಿ, ಎಸಿ ಗಾಳಿ, ಕೊರಳಲ್ಲಿ ‘ಫ್ಯಾಷನ್ ಕನ್ಸಲ್ಟಂಟ್’ ಎಂದು ಬರೆದ ಬಿಲ್ಲೆ. ಗಿರಾಕಿ ಕನ್ನಡಿಯ ಮುಂದೆ ನಿಂತಾಗ, ಎರಡೂ ಮೊಣಕಾಲು ಹರಿದದ್ದೇ ನಿಮಗೆ ಒಪ್ಪುತ್ತದೆ ಎಂದು ಹಿಂದಿಯಲ್ಲಿ ಹೇಳುವುದಕ್ಕೆ ನನಗೆ ಸಂಬಳ.

ನಮ್ಮಪ್ಪ ಶಾಂತಪ್ಪ ಮೂವತ್ತು ವರ್ಷ ದಾದರ್‌ನಲ್ಲಿ ಒಂದು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಹರಿದ ಬಟ್ಟೆಗೆ ರಫೂ ಮಾಡಿದವನು. ರಫೂ ಎಂದರೆ ತೇಪೆಯಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆಗಳನ್ನು ಬಿಡಿಸಿ ತೆಗೆದು, ಸೂಜಿಯಲ್ಲಿ ಒಂದೊಂದೇ ಎಳೆಯನ್ನು ಮೇಲೆ ಕೆಳಗೆ ಹಾಯಿಸಿ, ತೂತಿದ್ದ ಜಾಗದಲ್ಲಿ ಬಟ್ಟೆಯನ್ನೇ ಮತ್ತೆ ನೇಯುವುದು. ಇಂಡಿ ತಾಲ್ಲೂಕಿನಿಂದ ಹಮಾಲಿ ಮಾಡಲು ಬಂದವನಿಗೆ ಈ ಕಸುಬು ಕಲಿಸಿದವರು ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದ ಒಬ್ಬ ಮುದುಕ ಉಸ್ತಾದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ರಿಯಾಯಿತಿಯಲ್ಲಿ ಒಂದು ಹರಿದ ಜೀನ್ಸ್ ಮನೆಗೆ ತಂದಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಒಂದು ಮೊಣಕಾಲಿಗೆ ಕೈ ಹಾಕಿದ್ದ. ಮರುದಿನದ ಹೊತ್ತಿಗೆ ಎರಡೂ ಸರಿಯಾಗಿದ್ದವು. “ಮಾಲ್‌ನಾಗ ಕೆಲಸಾ ಮಾಡ್ತೀ, ಕಣ್ಣ ಬಿಟ್ಟು ನೋಡಿ ತಗೋಬಾರದೇನಲೇ ತಮ್ಮಾ?” ಅಂದ. ಹರಿದದ್ದಕ್ಕೇ ಬೆಲೆ ಎಂದು ವಿವರಿಸಲು ನನಗೆ ಸೋಮಾರಿತನ. “ಹೂಂ” ಅಂದೆ. ಆ ‘ಹೂಂ’ನಿಂದಲೇ ನಾನು ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ. ಮನೆಯಲ್ಲಿ ಕಲಿಯುವವಳು ನಮ್ಮಕ್ಕ ಸೋನಾಲಿ ಒಬ್ಬಳೇ.

ಇದು ಅವಳ ಕಥೆ. ಇದರಲ್ಲಿ ನನ್ನ ಪಾತ್ರ ಒಂದೂವರೆ ನಿಮಿಷದ್ದು. ಅಷ್ಟರಲ್ಲೇ ಎಲ್ಲವನ್ನೂ ಕೆಡಿಸಿದವನು ನಾನು.

ಶಾಲೆ ಬಿಟ್ಟ ಮೇಲೆ ಅಕ್ಕ ದಾದರ್‌ನಲ್ಲಿ ಅಪ್ಪನ ಪಕ್ಕ ಕೂತು ಲೆಕ್ಕ, ವಿಜ್ಞಾನ ಎಲ್ಲ ಬರೆದವಳು. ನಡುನಡುವೆ ಅವಳದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು. ಅಂಗಿ ಮೊದಲು ಎಲ್ಲಿ ಹರಿಯುತ್ತದೆ ಅಪ್ಪಾ? ಅಪ್ಪ ಹೇಳುವನು: ಟೇಬಲ್ ಮೇಲೆ ಬರೆಯುವವನದು ಮೊಣಕೈ, ಬಸ್ ಕಂಡಕ್ಟರನದು ಹೆಗಲು, ಗಡ್ಡ ಬಿಟ್ಟವನದು ಕಾಲರಿನ ಮಡಿಕೆ. ಅಪ್ಪನಿಗೆ ಅದು ಬರೀ ಮಾತು, ಅವಳಿಗೆ ಅದೇ ವಿದ್ಯೆ ಆಗುತ್ತಿತ್ತು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.

ಬಿ.ಕಾಂ. ಅರ್ಧಕ್ಕೆ ಬಿಟ್ಟು, ದಹಿಸರ್ ಕಡೆಯ ಒಂದು ಯೂನಿವರ್ಸಿಟಿಯಲ್ಲಿ ನಾಟಕ ಮತ್ತು ಸಿನಿಮಾದ ಉಡುಪು ತಯಾರಿಸುವ ಮೂರು ವರ್ಷದ ಕೋರ್ಸಿಗೆ ಅಕ್ಕ ಸೇರಿದಾಗ, ಮಾಟುಂಗಾದ ಮನೆಗಳಲ್ಲಿ ಅಡುಗೆ ಮಾಡುವ ನಮ್ಮವ್ವ ಕಸ್ತೂರಿಬಾಯಿ ಆಂಟಾಪ್ ಹಿಲ್‌ನ ನಮ್ಮ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಅಂದಳು: “ನಾಟಕದ ಬಟ್ಟಿ ಹೊಲಿಯಾಕ ಡಿಗ್ರಿ ಬೇಕೇನ? ನಾಳೆ ರೊಟ್ಟಿ ಬಡಿಯಾಕೂ ಯೂನಿವರ್ಸಿಟಿಗೆ ಹೊಂಟಿ ನೀನು!”

“ಅವ್ವಾ, ನಿನ್ನ ಪ್ರೊಫೆಸರ್ ಮಾಡ್ತಾರ ತಗೋ ಅಲ್ಲಿ,” ಅಂದಳು ಅಕ್ಕ.

ಅಪ್ಪನಿಗೆ ಮಾತ್ರ ಖುಷಿ. ಅವನ ಲೆಕ್ಕದಲ್ಲಿ ನಾಟಕದ ಬಟ್ಟೆ ಎಂದರೆ ಜರಿ, ಮಖಮಲ್ಲು, ರಾಜನ ನಿಲುವಂಗಿ.

ಮೊದಲ ವರ್ಷ ಅಕ್ಕ ಒಂದು ಅಂಗಿ ಹೊಲಿದು ತೋರಿಸಿದಳಂತೆ. ಹೊಲಿಗೆಯಲ್ಲಿ ಒಂದು ತಪ್ಪಿಲ್ಲ. ಮೇಡಂ ಮಾತ್ರ, ಇದು ಅಂಗಡಿಯ ಗೊಂಬೆಯ ಅಂಗಿ, ಇದನ್ನು ಯಾವ ಮನುಷ್ಯನೂ ಹಾಕಿಕೊಂಡಿಲ್ಲ ಅಂದರಂತೆ. ಆಮೇಲೆ ಅವಳು ಕಲಿತದ್ದು ಹೊಸ ಬಟ್ಟೆಯನ್ನು ಹಳತು ಮಾಡುವ ವಿದ್ಯೆ. ಚಹಾದ ನೀರಿನಲ್ಲಿ ಅದ್ದುವುದು, ಇಟ್ಟಿಗೆಗೆ ತಿಕ್ಕುವುದು, ಮರಳು ಕಾಗದದಿಂದ ಉಜ್ಜುವುದು, ಕಂಕುಳಲ್ಲಿ ಬೆವರಿನ ಕಲೆ ಕೂರಿಸುವುದು. ಒಮ್ಮೆ ಅವ್ವನ ಕೊಬ್ಬರಿ ತುರಿಯುವ ತಗಡನ್ನು ಕಾಲೇಜಿಗೆ ಒಯ್ದಿದ್ದಳು. ಮರುದಿನ ಚಟ್ನಿಯಲ್ಲಿ ನೀಲಿ ದಾರ ಸಿಕ್ಕಿತು. “ಇದೇನ ಬೇ, ಕೊಬ್ಬರಿ ಚಟ್ನಿನೋ ಧೋತರ ಚಟ್ನಿನೋ?” ಎಂದು ಅವ್ವ ವಾರವಿಡೀ ಕುಟುಕಿದಳು.

ನನಗೆ, ಅವ್ವನಿಗೆ ಈ ವಿದ್ಯೆಯ ಬಗ್ಗೆ ಅಷ್ಟಿಷ್ಟು ಗೊತ್ತಿತ್ತು. ಅಪ್ಪನಿಗೆ ಮಾತ್ರ ಅಕ್ಕ ಹೇಳಿರಲಿಲ್ಲ. “ಆಯುಷ್ಯ ಪೂರ್ತಿ ತೂತು ಮುಚ್ಚಿದಾವಗ ನಾ ತೂತು ಮಾಡೋದು ಕಲ್ಯಾಕತ್ತೀನಿ ಅಂತ ಹ್ಯಾಂಗ ಹೇಳ್ಲಿ ಯಾರ್?” ಎಂದು ನನ್ನ ಹತ್ತಿರ ಅಂದಿದ್ದಳು. ಡಿಗ್ರಿ ಕೈಗೆ ಬಂದ ಮೇಲೆ ಹೇಳಿದರಾಯಿತು ಅನ್ನುವುದು ಅವಳ ವಿಚಾರ.

ಮೂರನೇ ವರ್ಷದ ಕೊನೆಯ ಪರೀಕ್ಷೆಗೆ ಜೂರಿ ಅನ್ನುತ್ತಾರೆ. ಮೂವರು ಪರೀಕ್ಷಕರ ಮುಂದೆ ಒಂದು ಪಾತ್ರದ ಒಂದು ಉಡುಪನ್ನು ಇಡಬೇಕು. ಆ ಸಲ ಮೊದಲ ಸ್ಥಾನ ಪಡೆದವರನ್ನು ಗೋರೆಗಾಂವ್‌ನ ಒಂದು ಸ್ಟುಡಿಯೋದ ಉಡುಪು ವಿಭಾಗಕ್ಕೆ ನೇರವಾಗಿ ಸೇರಿಸಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಆ ಜಾಗ ಸೋನಾಲಿಯದೇ ಎಂದು ಅವಳ ಮೇಡಂ ಬಾಯಿ ಬಿಟ್ಟೇ ಹೇಳಿದ್ದರು. ಇಂಗ್ಲಿಷಿನಲ್ಲಿ ತಡವರಿಸುವ ನಮ್ಮಕ್ಕ ಆ ಕ್ಲಾಸಿನಲ್ಲಿ ಯಾರಿಗೂ ಹೆದರದೆ ತಲೆ ಎತ್ತಿದ್ದು ಆ ಒಂದು ಮಾತಿನ ಮೇಲೆ.

ಅವಳ ಪಾತ್ರ ಒಬ್ಬ ಹಮಾಲ. ಐದು ವರ್ಷ ಒಂದೇ ಅಂಗಿ. ವರ್ಷಕ್ಕೊಂದರಂತೆ ಐದು ತೂತು, ಒಂದೊಂದಕ್ಕೂ ಒಂದು ಕಾರಣ. ಬಲಹೆಗಲ ಮೇಲೆ ಮೂಟೆಯದು. ಎಡಜೇಬಿನ ಮೂಲೆಯಲ್ಲಿ ಸುಣ್ಣದ ಡಬ್ಬಿಯದು. ಕಾಲರಿನ ಮಡಿಕೆ, ಮೊಣಕೈ, ಬೆನ್ನಿನ ಕೆಳಗೆ ಹಗ್ಗ ಉಜ್ಜುವಲ್ಲಿ. ದಪ್ಪ ನೀಲಿ ಬಟ್ಟೆಯ ಆ ಅಂಗಿಯನ್ನು ಮೂರು ವಾರ ಕಾಲೇಜಿನಲ್ಲೇ ತಿಕ್ಕಿ, ನೆನೆಸಿ, ಒಣಗಿಸಿ, ಪ್ರತಿ ಹಂತಕ್ಕೂ ಫೋಟೋ ತೆಗೆದಿದ್ದಳು.

ಅಪ್ಪ ಆ ಹೊತ್ತಿಗೆ ಎರಡು ತಿಂಗಳಿಂದ ಮನೆಯಲ್ಲಿದ್ದ. ಡಾಕ್ಟರು ಕಾಚಬಿಂದು, ಅಂದರೆ ಗ್ಲಾಕೋಮಾ, ಅಂದಿದ್ದರು. ಸುತ್ತಲಿನ ನೋಟ ಹೋಗಿತ್ತು, ನಡುವೆ ಕೊಳವೆಯೊಳಗಿಂದ ಕಂಡಷ್ಟು ಉಳಿದಿತ್ತು. ಅದೂ ಎಷ್ಟು ದಿನವೋ ಹೇಳಲಾಗದು. ಅಪ್ಪ ಮಾತು ಬಿಟ್ಟಿದ್ದ. ಊಟಕ್ಕೆ ಕರೆದರೆ ಬರುವನು, ಅರ್ಧ ರೊಟ್ಟಿ ತಿಂದು ಏಳುವನು.

ಜೂರಿಯ ಹಿಂದಿನ ದಿನ ಅಕ್ಕ ಅಂಗಿಯನ್ನು ಮನೆಗೆ ತಂದು ಚೀಲದಲ್ಲಿ ಗೂಟಕ್ಕೆ ತೂಗಹಾಕಿ, ಫೈಲು ಬೈಂಡ್ ಮಾಡಿಸಲು ಬೆಳಿಗ್ಗೆಯೇ ಹೋದಳು. ಅವ್ವ ಕೆಲಸಕ್ಕೆ ಹೋಗಿದ್ದಳು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಲೆ ಬಾಚುತ್ತಿದ್ದೆ. ಅಪ್ಪ ಗೂಟದ ಮೇಲೆ ಟವೆಲ್ ಹುಡುಕುತ್ತ ಚೀಲಕ್ಕೆ ಕೈ ಹಾಕಿದ.

“ಇದೇನಲೇ?”

“ಅಕ್ಕನ ಪರೀಕ್ಷಾದ ಅಂಗಿ. ನಾಳಿಗಿ ತೋರ್ಸೋದೈತಿ.”

“ಹರದೈತಲ್ಲೋ ಇದು!”

“ಹೂಂ.”

“ಅಕಿಗಿ ಗೊತ್ತೈತೇನು?”

“ಗೊತ್ತಿಲ್ಲದ ಏನು. ಮೂರು ವಾರದಿಂದ ಅದರ ಸಲುವಾಗಿನ ಸಾಯಾಕತ್ತಾಳ,” ಎಂದು ಚಪ್ಪಲಿ ಮೆಟ್ಟಿ ಹೊರಟೆ. ಇದೇ ನನ್ನ ಒಂದೂವರೆ ನಿಮಿಷ.

ಅಪ್ಪ ಆ ಅಂಗಿ, ಸೂಜಿಯ ಡಬ್ಬಿ ತೆಗೆದುಕೊಂಡು, ಗೋಡೆ ಹಿಡಿದು ನಾಲ್ಕು ಮಹಡಿ ಹತ್ತಿ ಗಚ್ಚಿಗೆ ಹೋದನಂತೆ. ಬಿಸಿಲು ಸರಿದಂತೆಲ್ಲ ತಾನೂ ಸರಿದು ಕೂತು, ಬೆಳಕು ಇಳಿಯುವವರೆಗೆ ಕೆಲಸ ಮಾಡಿದನಂತೆ. ನೀರಿನ ಟಾಕಿ ನೋಡಲು ಹೋದ ವಾಚ್‌ಮನ್ ಆಮೇಲೆ ಹೇಳಿದ.

ಸಂಜೆ ನಾನು ಬಂದಾಗ ಅವ್ವ ಒಲೆಯ ಮುಂದಿದ್ದಳು. “ಇವತ್ತು ನಿಮ್ಮಪ್ಪ ಹೊಟ್ಟಿ ತುಂಬ ಉಂಡಾನ. ತಾನ ಕೇಳಿ ಇನ್ನೊಂದು ರೊಟ್ಟಿ ಹಾಕಿಸ್ಕೊಂಡ,” ಎಂದು ಪಿಸುಗುಟ್ಟಿದಳು. ಹಿಂದೆಯೇ ಅಕ್ಕ ಬಂದಳು. ಅಪ್ಪ ಅಂಗಿಯನ್ನು ಎರಡೂ ಅಂಗೈ ಮೇಲೆ ಹಿಡಿದು ಚಾಚಿದ.

“ತಗೋ ಸೋನಾ. ನೋಡು.”

ಅಕ್ಕ ನೋಡಿದಳು. ಹೆಗಲು ತಿರುಗಿಸಿದಳು, ಕಾಲರ್ ಎತ್ತಿದಳು, ಬೆನ್ನನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಐದೂ ಕಡೆ ಬಟ್ಟೆ ಇತ್ತು. ಅದೇ ನೀಲಿ, ಅದೇ ಮಾಸು, ಅದೇ ನೇಯ್ಗೆ.

“ದಾರ... ಎಲ್ಲಿಂದ ತಗೊಂಡಿ ಅಪ್ಪಾ?”

“ಒಳಗಿನ ಮಡಿಕಿಯಿಂದ. ಹೊರಗಿನ ದಾರ ಹಾಕಿದ್ರ ಬಣ್ಣ ಕೂಡತಿರಲಿಲ್ಲ.” ಅಪ್ಪನ ದನಿಯಲ್ಲಿ ಎರಡು ತಿಂಗಳಲ್ಲಿ ಕೇಳದ ಹುರುಪು. “ಯಾರ ಅಂಗಿ ತಂದೀ ಇದು? ಭಾಳ ದುಡದಾವಂದು. ಬಲಗಡಿ ಹೆಗಲ ಮ್ಯಾಲ ಹೊರತಾನ. ಎಡಗಡಿ ಕಿಸೆದಾಗ ಸುಣ್ಣದ ಡಬ್ಬಿ ಇಡತಾನ. ಟೊಂಕಕ್ಕ ಹಗ್ಗ ಸುತಗೋತಾನ. ಹೌದಿಲ್ಲೋ?”

ಅಕ್ಕ ಗೋಣು ಹಾಕಿದಳು. ಈ ಬೆಳಕಿನಲ್ಲಿ ಅಪ್ಪನಿಗೆ ಅದು ಕಾಣಲಿಕ್ಕಿಲ್ಲ ಎಂದು ನೆನಪಾಗಿ, “ಹೌದಪ್ಪಾ,” ಅಂದಳು.

“ಅವಂಗ ಹೇಳು, ಇನ್ನ ಐದು ವರ್ಷ ಏನೂ ಆಗಂಗಿಲ್ಲ.”

ನಮ್ಮದು ಒಂದೇ ಕೋಣೆ. ಅಲ್ಲಿ ಒಂದು ಎಳೆ ಕಿತ್ತರೂ ಆ ಸಪ್ಪಳ ಅಪ್ಪನಿಗೆ ಗೊತ್ತು, ಆಯುಷ್ಯವೆಲ್ಲ ಅದನ್ನೇ ಕೇಳಿದವನು. ಅಕ್ಕ ಅಂಗಿ ಮಡಿಸಿ ಚೀಲಕ್ಕಿಟ್ಟು, “ಭಾಳ ಚಲೋ ಆಗೇತಿ,” ಅಂದು ತಾಟು ಹಚ್ಚಲು ಎದ್ದಳು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಎಂಟಕ್ಕೇ ಹೊರಟೆವು. ನಾನು ಮ್ಯಾನೇಜರನಿಗೆ ಭೇದಿ ಎಂದು ಮೆಸೇಜು ಹಾಕಿದ್ದೆ. ದಾದರ್‌ನಿಂದ ವಿರಾರ್ ಕಡೆಯ ಗಾಡಿಯಲ್ಲಿ ಆ ಹೊತ್ತಿಗೆ ಸೀಟು ಸಿಗುತ್ತದೆ. ಅಕ್ಕ ಲೇಡೀಸ್ ಡಬ್ಬಿ ಬಿಟ್ಟು ನನ್ನ ಜತೆ ಜನರಲ್‌ನಲ್ಲಿ ಕೂತಳು. ನಾನು ಅಂಗಿಯ ಕಾಲರನ್ನು ಮೊಣಕಾಲ ಮೇಲೆ ಬಿಗಿಯಾಗಿ ಹಿಡಿದೆ. ಅವಳು ಸೂಜಿಯ ತುದಿಯಿಂದ ಒಂದು ಎಳೆ ಎಬ್ಬಿಸಿ, ಚಿಮಟದಿಂದ ಹಿಡಿದು ಎಳೆದಳು. ಆಮೇಲೆ ಇನ್ನೊಂದು. ಮಾಹಿಮ್ ದಾಟಿತು, ಬಾಂದ್ರಾ ದಾಟಿತು. ಬಿಚ್ಚಿಕೊಂಡದ್ದು ಸಾಸಿವೆ ಕಾಳಿನಷ್ಟು.

“ಅಕ್ಕಾ, ಬ್ಲೇಡ್ ಹಾಕು. ಐದು ನಿಮಿಷದ ಕೆಲಸ.”

“ಬ್ಲೇಡ್ ಹಾಕಿದ್ರ ಅಂಚು ಹೊಸಾದಾಗಿ ಕಾಣ್ತೈತಿ. ಹರದದ್ದಲ್ಲ, ಕತ್ತರಿಸಿದ್ದು ಅಂತಾರ.”

“ಆಮ್ಯಾಲ ಅಂಚು ತಿಕ್ಕಿದ್ರಾತು.”

ಅವಳು ಇನ್ನೊಂದು ಎಳೆ ಎಬ್ಬಿಸಿದಳು. ಎದುರು ಕೂತಿದ್ದ ಯಜಮಾನರು ಬಹಳ ಹೊತ್ತು ನೋಡಿ, “ಕ್ಯಾ ನಿಕಾಲ್ ರಹೀ ಹೋ ಬೇಟಾ?” ಎಂದು, ಏನು ಬಿಚ್ಚುತ್ತಿದ್ದೀಯ ಅಂತ ಕೇಳಿದರು.

“ರಫೂ, ಅಂಕಲ್.”

“ಖರಾಬ್ ಹುಆ ಥಾ?” ಕೆಟ್ಟಿತ್ತೇನು ಎಂದು ಅವರು.

“ನಹೀಂ,” ಅಂದಳು ಅಕ್ಕ. “ಅಚ್ಛಾ ಹುಆ ಥಾ.”

ನಾನು ಸಮಾಧಾನ ಹೇಳಲು ಹೊರಟೆ. ಇದೊಂದು ನನ್ನ ದುರಭ್ಯಾಸ. “ನೋಡಕ್ಕಾ, ನಿನ್ನ ತೂತು ನೋಡಿ ಅಪ್ಪನಂಥಾವನ ಖರೇ ಅಂತ ತಿಳದಾನ. ಆ ಹಮಾಲ ಯಾವ ಕಿಸೆದಾಗ ಏನಿಡ್ತಾನ ಅಂತ ಸುದ್ದಾ ಹೇಳಿದ. ಇದಕ್ಕಿಂತ ದೊಡ್ಡ ಜೂರಿ ಯಾವದೈತಿ?”

“ಮಾರ್ಕ್‌ಶೀಟ್‌ನಾಗ ಬರೀತಾರೇನು ಅದನ್ನ?” ಅಂದಳು. ದಹಿಸರ್ ಬರುವವರೆಗೆ ನಾನು ಕಾಲರ್ ಹಿಡಿಯುವ ಕೆಲಸವನ್ನಷ್ಟೇ ಮಾಡಿದೆ.

ಕಾಲೇಜಿನ ಮೆಟ್ಟಿಲ ಮೇಲೆ ಕೂತು ಮೊಣಕೈಯದನ್ನು ಹಿಡಿದಳು. ಹನ್ನೊಂದಕ್ಕೆ ಅವಳ ಹೆಸರು ಕೂಗಿದಾಗ ಕಾಲರ್, ಮೊಣಕೈ ಎರಡೇ ಬಿಚ್ಚಿದ್ದವು. ಹೆಗಲು, ಜೇಬು, ಬೆನ್ನು ಹಾಗೇ ಇದ್ದವು.

ಬಾಗಿಲಿಗೆ ಗಾಜಿತ್ತು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ಆದರೆ ಕಾಣಿಸುತ್ತಿತ್ತು. ಒಬ್ಬ ಪರೀಕ್ಷಕರು ಫೈಲಿನ ಫೋಟೋವನ್ನು ಅಂಗಿಯ ಪಕ್ಕದಲ್ಲಿಟ್ಟು ಬೆರಳು ತೋರಿಸಿದರು. ಅಕ್ಕ ಏನೋ ಹೇಳಿದಳು. ಅವರು ಭೂತಗನ್ನಡಿ ತರಿಸಿ ಹೆಗಲನ್ನು ನೋಡಿದರು. ಇನ್ನೊಬ್ಬರಿಗೆ ಕೊಟ್ಟರು. ಅವರೂ ನೋಡಿ ತಲೆ ಅಲ್ಲಾಡಿಸಿದರು. ಹತ್ತು ನಿಮಿಷಕ್ಕೆ ಅಕ್ಕ ಹೊರಗೆ ಬಂದಳು.

ರಫೂ ಆಗಿದೆ ಎಂದು ಅವಳು ಹೇಳಿದರೆ, ಇಲ್ಲಿ ರಫೂ ಇಲ್ಲವೇ ಇಲ್ಲ ಅಂದರಂತೆ. ಫೋಟೋದ ಅಂಗಿ ಬೇರೆ, ಇದು ಬೇರೆ. ಎರಡು ತೂತು ಹೊಂದುತ್ತವೆ, ಮೂರು ಹೊಂದುವುದಿಲ್ಲ. ಅಸಲು ಅಂಗಿ ಕೆಟ್ಟಿರಬೇಕು, ಅವಸರದಲ್ಲಿ ಇನ್ನೊಂದು ಮಾಡಿ ತಂದಿದ್ದೀಯ. ಮೇಡಂ ನಡುವೆ ಬಾಯಿ ಹಾಕಿದ್ದರಿಂದ ಸುಳ್ಳು ಎಂದು ಬರೆಯದೆ, ಆರು ತಿಂಗಳ ಒಳಗೆ ಅಸಲು ಅಂಗಿಯನ್ನೇ ಮತ್ತೆ ತಂದು ತೋರಿಸಬೇಕು ಎಂದು ಬರೆದರಂತೆ. ಗೋರೆಗಾಂವ್‌ನ ಕೆಲಸ ಎರಡನೆಯವಳಿಗೆ ಹೋಯಿತು.

“ಅಲ್ಲೇ ಒಂದು ಎಳಿ ಎಳದು ತೋರಿಸಬೇಕಿತ್ತಲ್ಲ!” ನಾನು ಕೂಗಾಡಿದೆ.

“ತೋರಿಸಬೇಕಿತ್ತು,” ಅಂದಳು. ಪ್ಲಾಟ್‌ಫಾರ್ಮಿನಲ್ಲಿ, “ಅವರು ಮೂರು ಮಂದಿ ಕೂಡಿ ಹುಡಕಾಕತ್ತಿದ್ರು ಶರಣು. ಭೂತಗನ್ನಡಿ ಹಚ್ಚಿ. ಸಿಗಲಿಲ್ಲ. ಆವಾಗ ನನಗ ಎಳಿ ಕೀಳಾಕ ಕೈಯ ಬರಲಿಲ್ಲ,” ಅಂದು ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ನಮ್ಮ ಗಾಡಿ ಬಂತು, ಹೋಯಿತು. ಮೂರನೆಯದಕ್ಕೆ ಹತ್ತಿದೆವು.

ಮನೆಯಲ್ಲಿ ರಿಸಲ್ಟ್ ತಡ ಅಂದೆವು. ಅಪ್ಪ ವಾರಕ್ಕೊಮ್ಮೆ ಕೇಳುವನು, ನಾನು ಯೂನಿವರ್ಸಿಟಿಯನ್ನು ಬೈಯುವೆನು. ಈ ಊರಿನಲ್ಲಿ ಅದನ್ನು ಯಾರೂ ಅನುಮಾನಿಸುವುದಿಲ್ಲ. ಅಕ್ಕ ಆನ್‌ಲೈನ್ ಪ್ಯಾಂಟುಗಳ ಉದ್ದ ಕತ್ತರಿಸಿ ಹೊಲಿಯುವ ಒಂದು ಕಾರ್ಖಾನೆಗೆ ಸೇರಿದಳು. ಮಿಕ್ಕ ಮೂರು ರಫೂ ಬಿಚ್ಚಿದ್ದರೆ ಮುಗಿಯುತ್ತಿತ್ತು. ರವಿವಾರ ಬಿಚ್ಚುತ್ತೇನೆ ಅನ್ನುವಳು. ಎಷ್ಟೋ ರವಿವಾರ ಅಂಗಿ ಟ್ರಂಕಿನಿಂದ ಹೊರಗೆ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಕಣ್ಣಿನ ಆ ಕೊಳವೆಯೂ ಮುಚ್ಚಿತು. ಹಗಲು ರಾತ್ರಿ ಒಂದೇ ಆಯಿತು.

ಒಣಗಿದ ಬಟ್ಟೆ ಮಡಿಸುವುದನ್ನು ಅಪ್ಪ ತನ್ನ ಕೆಲಸ ಮಾಡಿಕೊಂಡ. ದಸರೆಯ ಮುಂಚೆ ಅವ್ವ ಟ್ರಂಕು ಝಾಡಿಸಿ ಎಲ್ಲವನ್ನೂ ಅವನ ಮುಂದೆ ಹಾಕಿದಾಗ, ಮಡಿಸುತ್ತಿದ್ದ ಕೈ ಒಂದು ಕಡೆ ನಿಂತಿತು. ಕಾಲರಿನ ಮೇಲೆ ಬೆರಳು ಒಮ್ಮೆ ಹೋಯಿತು, ಮತ್ತೊಮ್ಮೆ ಹೋಯಿತು. ಮೊಣಕೈಗೆ ಬಂತು. ಅಕ್ಕ, ನಾನು ಇಬ್ಬರೂ ಮನೆಯಲ್ಲಿದ್ದೆವು.

“ಬಿಚ್ಚೇತಿ,” ಅಂದ ಅಪ್ಪ. ಮೊಣಕೈಯ ತೂತಿನ ಅಂಚು ತಡವುತ್ತ, “ಅವರ ಮುಂದ ಬಿಚ್ಚಿತೇನು ಸೋನಾ? ಅದಕ್ಕ ಫೇಲ್ ಮಾಡ್ಯಾರ. ಹೌದಿಲ್ಲೋ? ನನ್ನ ಕೈ ಆವಾಗನ ಹೋಗಿತ್ತು.”

ನಾನು ಒಂದು ಸುಳ್ಳಿಗೆ ಬಾಯಿ ತೆರೆದೆ. ಅಕ್ಕ ಮೊದಲೇ ಅಂದಳು:

“ನಿನ್ನ ಕೈ ಹೋಗಿರಲಿಲ್ಲಪ್ಪಾ. ನಾನ ಬಿಚ್ಚೇನಿ.”

“ಯಾಕ?”

“ಹರದದ್ದ ಬೇಕಾಗಿತ್ತು.”

ಅಪ್ಪನ ಬೆರಳು ಮತ್ತೆ ಕಾಲರಿಗೆ ಹೋಯಿತು. ಆಮೇಲೆ ಒಂದೊಂದಾಗಿ ಕೇಳಿದ. “ನೀನ ಹರದಿದ್ದೇನು?”

“ಹೂಂ.”

“ಹೆಗಲಿಂದೂ?”

“ಹೂಂ.”

“ಸುಣ್ಣದ ಡಬ್ಬಿದು?”

“ಡಬ್ಬಿನ ಇಲ್ಲಪ್ಪಾ. ಆ ಮನಷ್ಯಾನ ಇಲ್ಲ.”

ಅಪ್ಪನ ಮುಖದಲ್ಲಿ ಏನೇನೋ ಬಂದು ಹೋಯಿತು. “ಮನಷ್ಯಾನ ಇಲ್ಲಾ?” ಅಂದ. “ನಾ ದಿನಾ ಅವನ್ನ ನೆನಸ್ತಿದ್ದೆ. ಅಂಗಿ ಹ್ಯಾಂಗೈತೋ ಏನೋ ಅಂತ.” ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಇನ್ನ ಟೈಮ್ ಐತೇನು?”

“ಹದಿನೈದು ದಿನ ಐತಿ. ಇದ ಅಂಗಿನ ತರಬೇಕಂತ.”

“ಡಬ್ಬಿ ತಾ. ನಾ ಮಾಡಿದ್ದು ನಾನ ತಗೀತೀನಿ.”

ಅಕ್ಕ ಸೂಜಿಯ ಡಬ್ಬಿ ತಂದಳು. ಅಪ್ಪ ಹೆಗಲಿನ ಮೇಲೆ ಉಗುರು ಆಡಿಸಿದ. ಮೇಲೆ, ಕೆಳಗೆ, ಮತ್ತೆ ಮೇಲೆ. ಹಣೆಯಲ್ಲಿ ಬೆವರು ಬಂತು. “ಸಿಗವಲ್ದಲ್ಲ,” ಅಂದ. ನಾನು ಫೋನಿನಲ್ಲಿ ಹಳೆಯ ಫೋಟೋ ತೆಗೆದು, “ಹೊಲಿಗಿಯಿಂದ ಮೂರು ಬೆರಳು ಈ ಕಡಿ...” ಎಂದು ಶುರು ಮಾಡಿದೆ.

“ನೀ ಸುಮ್ನಿರು ತಮ್ಮಾ. ನನ್ನ ಕೆಲಸ ನನಗ ಗೊತ್ತಾಗಂಗಿಲ್ಲೇನು?”

ಬೆರಳು ಹೆಗಲಿನಿಂದ ಇಳಿದು ಎದೆಯ ಬಲಭಾಗಕ್ಕೆ ಬಂದು ನಿಂತಿತು. “ಹಾಂ. ಸಿಕ್ತು.”

ಅಲ್ಲಿ ಏನೂ ಇರಲಿಲ್ಲ. ಗಟ್ಟಿ ಬಟ್ಟೆ. ಆ ಹಮಾಲನ ಐದು ವರ್ಷದಲ್ಲಿ ಅಲ್ಲಿ ಹರಿಯುವುದಕ್ಕೆ ಯಾವ ಕಾರಣವೂ ಇಲ್ಲ. ಅಲ್ಲಿ ಎಳೆ ಕಿತ್ತರೆ ಈ ಅಂಗಿ ಇನ್ನು ಯಾವ ಜೂರಿಗೂ ಅಲ್ಲ. ನಾನು ಅಕ್ಕನ ಮುಖ ನೋಡಿದೆ. ಅವಳೂ ನೋಡಿದ್ದಳು. ಅಲ್ಲಲ್ಲಪ್ಪಾ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅಪ್ಪ ಸೂಜಿಯ ತುದಿ ಊರಿ ಎಬ್ಬಿಸಿದ. ಉಗುರಿನಲ್ಲಿ ಹಿಡಿದು ಎಳೆದ. ಎಳೆ ಬಂತು, ಬರುತ್ತಲೇ ಹೋಯಿತು. ಅವನ ಕೈ ತಡೆಯಿತು.

“ಉದ್ದ ಬಂತಲ್ಲ?”

“ಅದನ್ನ ಉದ್ದನ ಹಾಕಿದ್ದಿ ಅಪ್ಪಾ,” ಅಂದಳು ಅಕ್ಕ.

“ಹೌದೇನು,” ಅಂದ ಅಪ್ಪ, ಮತ್ತೆ ಸೂಜಿ ಊರಿದ. ಬಟ್ಟೆ ಅಲುಗಬಾರದೆಂದು ಅಕ್ಕ ಎರಡೂ ಕೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.